ನಮ್ಮನೆಯವರಿಗೆ ಮೊದಲಿಂದಲೂ ಇದೆ

“ಇನ್ನೊಂದು ಸಲ ಹಾಕಿ,” ಎಂದೆ.

ವಿಮಾ ಕಂಪನಿಯ ಕ್ಲೇಮ್ ಅಧಿಕಾರಿ ನಿಟ್ಟುಸಿರು ಬಿಟ್ಟು ಕಂಪ್ಯೂಟರಿನ ಕೀಲಿ ಒತ್ತಿದರು. ಈ ಮನುಷ್ಯ ಬಾಯಿ ತೆರೆದರೆ ಮೊದಲು ಉದುರುವ ಮಾತು ‘ಕ್ಷಮಿಸಿ’. ಹಾಗಾಗಿ ನಾನು ಅವರಿಗಿಟ್ಟ ಹೆಸರು ಕ್ಷಮಿಸಿ ಸಾಹೇಬರು. ಇಲ್ಲ ಎನ್ನುವುದನ್ನು ಇಷ್ಟು ಮೆತ್ತಗೆ ಹೇಳುವವರನ್ನು ನಾನು ಏಳು ಲೋಕದಲ್ಲಿ ಕಂಡಿಲ್ಲ. ಇಲ್ಲ ಅನ್ನಿಸಿಕೊಂಡವರೇ ಎದ್ದು ಕೈಮುಗಿದು ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಲಿಫ್ಟ್ ಇಳಿದು ಬೀದಿಗೆ ಬಂದ ಮೇಲಷ್ಟೇ ಅವರಿಗೆ ಅಳು ಬರುತ್ತದೆ.

ಹೆಡ್‌ಫೋನ್ ನನ್ನ ಕಿವಿಯಲ್ಲಿತ್ತು. ನನ್ನ ಕಿವಿಯ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ಮೂರು ಬೀದಿ ಆಚೆ ಒಬ್ಬ ಮನಸ್ಸಿನಲ್ಲೇ ಬೈದುಕೊಂಡರೂ ಯಾರನ್ನು ಬೈದ ಎಂದು ಪತ್ತೆ ಹಚ್ಚುವ ಕಿವಿ ಇದು.

ಮೊದಲು ಕಂಪನಿಯ ಹುಡುಗಿಯ ದನಿ. ಮನೆತನದ ಹೆಸರು ಹೇಳಿ, ಇದು ಅವರ ಮನೆಯೇ ಎಂದು ಕೇಳಿದಳು. ಹೌದು ಎಂದಿತು ಒಂದು ಹೆಣ್ಣುದನಿ.

‘ಎದೆ ವಿಚಾರಕ್ಕೆ ಫೋನ್ ಮಾಡಿದ್ದು ಮೇಡಂ. ನಿಮ್ಮ ಮನೆಯವರಿಗೆ ಈ ತೊಂದರೆ ಯಾವಾಗಿಂದ?’

‘ನಮ್ಮನೆಯವರಿಗಾ? ಅವರಿಗೆ ಮೊದಲಿಂದಲೂ ಇದೆಯಲ್ಲಮ್ಮ. ಮದುವೆಯಾಗಿ ಬಂದಾಗಿಂದ ನೋಡ್ತಾ ಇದೀನಿ. ನಾಲ್ಕು ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತೆ. ಹೇಳಿದ್ರೆ ಎಲ್ಲಿ ಕೇಳ್ತಾರೆ ಅವರು?’

‘ಸರಿ ಮೇಡಂ. ಧನ್ಯವಾದ.’

‘ಆ ಮಾತ್ರೆ ಮುಗೀತಾ ಬಂತು ನೋಡು. ನಾಳೆ ಬಂದು ತಗೋತೀನಿ, ಎತ್ತಿಟ್ಟಿರು—’

ಅಲ್ಲಿಗೆ ಕಟ್.

ಈ ವಾರವಷ್ಟೇ ಓದಲು ಕೂತವರಿಗೆ ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇನೆ: ಕಾರ್ಖಾನೆಯ ಲೇತ್‌ನಲ್ಲಿ ಕಬ್ಬಿಣ ಕಡೆಯುವ, ಎಲ್ಲರೂ ‘ಮಿಲಿಮೀಟರ್’ ಎಂದು ಕರೆಯುವ ಆಸಾಮಿ ಹೃದಯದ ವಾಲ್ವ್ ಕೆಟ್ಟು ಖಾಸಗಿ ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಕಾಯಿಲೆ ಪಾಲಿಸಿಗಿಂತ ಹಳೆಯದೆಂದು ಅವನ ಹೆಂಡತಿಯೇ ಫೋನಿನಲ್ಲಿ ಒಪ್ಪಿಕೊಂಡಿದ್ದಾಳೆ ಎಂದು ಕಂಪನಿ ಆಪರೇಷನ್ ಖರ್ಚಿಗೆ ಕೈಯೆತ್ತಿದೆ, ಆ ಫೋನನ್ನು ತಾನು ಮುಟ್ಟಿಯೇ ಇಲ್ಲ ಎನ್ನುತ್ತಿರುವ ಹೆಂಡತಿ, ಹಾಗಾದರೆ ಮಾತಾಡಿದವರು ಯಾರೆಂದು ಹುಡುಕಿಸಲು ಭೂಮಂಡಲದ ಅದ್ವಿತೀಯ ಪತ್ತೇದಾರನನ್ನು, ಅಂದರೆ ನನ್ನನ್ನು, ಹಿಡಿದಿದ್ದಾಳೆ.

“ಕ್ಷಮಿಸಿ, ಇನ್ನೆಷ್ಟು ಸಲ ಕೇಳಿದರೂ ಅದು ಅಷ್ಟೇ ಹೇಳೋದು,” ಎಂದರು ಸಾಹೇಬರು.

ಕೋಣೆಗೆ ಮೂರು ಕಡೆ ಗಾಜು. ಒಳಗೆ ಎಂಥ ತಂಪೆಂದರೆ ಗೋಡೆಗಡಿಯಾರದ ಮುಳ್ಳು ಕೂಡ ನಡುಗುತ್ತ ತಿರುಗುತ್ತಿತ್ತು. ಮೇಜಿನ ಮೇಲೆ ಒಂದು ಧೂಳಿನ ಕಣವಿರಲಿಲ್ಲ. ಧೂಳೂ ಅಲ್ಲಿ ಅಪಾಯಿಂಟ್‌ಮೆಂಟ್ ತಗೊಂಡು ಬರಬೇಕು.

ನಾನು ಎರಡು ಸಂಗತಿ ಮುಂದಿಟ್ಟೆ. ಒಂದು, ಈ ಹೆಂಗಸು ಊಟವಾದ ಮೇಲೆ ಬಾಗಿಲಲ್ಲಿ ಕೂತು ಪಕ್ಕದ ಮನೆಯವರೊಂದಿಗೆ ಹರಟುವ ದನಿಯಲ್ಲಿ ಮಾತಾಡುತ್ತಿದ್ದಾಳೆ. ಗಂಡ ಆಗಷ್ಟೇ ಲೇತಿನ ಮುಂದೆ ಕುಸಿದು ಬಿದ್ದವಳ ದನಿಯಾ ಇದು? ಎರಡು, ಮಾತ್ರೆ. ಮಿಲಿಮೀಟರ್ ಜೀವಮಾನದಲ್ಲಿ ನೆಗಡಿಗೂ ಮಾತ್ರೆ ನುಂಗಿದವನಲ್ಲ. ಮುಗಿಯುತ್ತಾ ಬಂದದ್ದು ಯಾರ ಮಾತ್ರೆ?

ಸಾಹೇಬರು ಕನ್ನಡಕ ಒರೆಸಿದರು. ಮಾತ್ರೆಯ ಮಾತು ಪ್ರಶ್ನೆಗೆ ಸಂಬಂಧಪಟ್ಟದ್ದಲ್ಲವಾದ್ದರಿಂದ ಅದನ್ನು ಬರಹಕ್ಕೆ ಇಳಿಸಿಲ್ಲವಂತೆ. ಮೇಲಿನವರು ಓದುವುದು ಇಂಗ್ಲಿಷಿಗೆ ತಿರುಗಿಸಿದ ಪ್ರತಿಯನ್ನು. ಅದರಲ್ಲಿ ಇರುವುದು ಇಷ್ಟೇ: ನನ್ನ ಗಂಡನಿಗೆ ಈ ಕಾಯಿಲೆ ಮದುವೆಗೆ ಮುಂಚಿನಿಂದ ಇದೆ.

ಕೆಡುಕನಲ್ಲ ಈ ಮನುಷ್ಯ, ಅದೇ ಬೇಜಾರು. ಕೆಡುಕನಾಗಿದ್ದರೆ ನನ್ನ ಒಂದೇ ನೋಟಕ್ಕೆ ಕರಗಿ ಕಾರ್ಪೆಟ್ಟಿನಲ್ಲಿ ಇಂಗಿಹೋಗುತ್ತಿದ್ದ. ಇವರು ನನಗೆ ಟೀ ತರಿಸಿ, ಸಕ್ಕರೆ ಎಷ್ಟು ಎಂದು ಕೇಳಿ, ಆಮೇಲೆ ಮೆಲ್ಲಗೆ ಹೇಳಿದರು:

“ಎಲ್ಲರೂ ಸೇರಿ ಹಾಕಿದ ದುಡ್ಡು ಇದು. ನೆನೆದು ಬಂದವರಿಗೆಲ್ಲ ಕೊಡೆ ಹಂಚ್ತಾ ಕೂತ್ರೆ, ನೆನೆಯದೇ ಇರೋರು ಯಾಕೆ ಕೊಡೆಗೆ ದುಡ್ಡು ಕಟ್ತಾರೆ? ಸರ್ಕಾರದ ವಿಮೆ ಆಗಿದ್ರೆ ಯಾವಾಗಿಂದ ಅಂತ ಕೇಳ್ತಿರಲಿಲ್ಲ. ನಾವು ಕೇಳ್ತೀವಿ. ಕೇಳದೆ ಇದ್ರೆ ನಾನು ಈ ಕುರ್ಚಿಯಲ್ಲಿ ಇರಲ್ಲ.”

“ಹಾಗಾದ್ರೆ ಅವನು ಸರ್ಕಾರದ ಆಸ್ಪತ್ರೆಗೇ ಹೋಗಲಾ?”

“ಕ್ಷಮಿಸಿ, ಅದು ಅವರ ಇಷ್ಟ.”

ಸಂಜೆಯೊಳಗೆ ಆಸ್ಪತ್ರೆಯವರು ಮಂಚ ಬಿಡಿಸುತ್ತಾರೆ. ಆ ವಾಲ್ವ್ ಇಟ್ಟುಕೊಂಡು ಮನೆಗೆ ಹೋದರೆ ಇನ್ನೊಂದು ಸಲ ಇಲ್ಲಿಗೆ ಬರುವಷ್ಟು ಸಮಯ ಸಿಗಲಿಕ್ಕಿಲ್ಲ ಎಂದು ಡಾಕ್ಟರು ಅವನ ಹೆಂಡತಿಗೆ ಹೇಳಿಯಾಗಿದೆ. ಫೋನ್ ಬಂದ ದಿನದ ಬಗ್ಗೆ ಒಂದೇ ಒಂದು ಕೇಳಿ ನಾನು ಎದ್ದೆ. ಮಿಲಿಮೀಟರ್ ಬಿದ್ದ ಎಷ್ಟು ಹೊತ್ತಿಗೆ ಅವರ ಮನೆಗೆ ಫೋನ್ ಮಾಡಿದಿರಿ?

ಸಾಹೇಬರ ಮುಖದಲ್ಲಿ ಮೊದಲ ಸಲ ಹೆಮ್ಮೆ ಮೂಡಿತು. ಆಂಬುಲೆನ್ಸ್ ಆಸ್ಪತ್ರೆಯ ಗೇಟು ದಾಟುವ ಮೊದಲೇ ಅಂತೆ. ಅವರಷ್ಟು ಬೇಗ ಬೇರೆ ಯಾವ ಕಂಪನಿಯೂ ಫೋನ್ ಮಾಡುವುದಿಲ್ಲವಂತೆ.

*

ಸರ್ಕಾರದ ಕಾರ್ಮಿಕ ವಿಮಾ ಆಸ್ಪತ್ರೆ ಅದೇ ರಸ್ತೆಯ ಇನ್ನೊಂದು ತುದಿಯಲ್ಲಿದೆ. ಅಲ್ಲಿಯ ಕ್ಯೂ ಬಗ್ಗೆ ನಾನು ಉತ್ಪ್ರೇಕ್ಷೆ ಮಾಡುವುದಿಲ್ಲ. ಬಾಲದಲ್ಲಿ ನಿಂತ ಗಂಡು ಹೆಣ್ಣು ಒಬ್ಬರನ್ನೊಬ್ಬರು ನೋಡಿ, ಮೆಚ್ಚಿ, ಮದುವೆಯಾಗಿ, ಕಿಟಕಿ ತಲುಪುವ ಹೊತ್ತಿಗೆ ಮಕ್ಕಳ ವಿಭಾಗದ ಚೀಟಿ ಕೇಳುತ್ತಾರೆ, ಅಷ್ಟೇ. ಸ್ಕ್ಯಾನಿಂಗ್ ಮೆಷಿನ್‌ಗೆ ಮುಸುಕು ಹೊದಿಸಿ ಎಷ್ಟು ಕಾಲವಾಗಿದೆಯೆಂದರೆ, ಅದು ಮೆಷಿನ್ನೋ ಯಾರಾದರೂ ಕಾದು ಕಾದು ಕೂತಲ್ಲೇ ಕಲ್ಲಾದವರೋ ಎಂದು ನರ್ಸುಗಳಿಗೇ ಅನುಮಾನ.

ಕಿಟಕಿಯ ಹತ್ತಿರ ಮಿಲಿಮೀಟರ್‌ನ ಹೆಂಡತಿ ನಿಂತಿದ್ದಳು. ಮಿಲಿಮೀಟರ್, ಅವನ ಅಣ್ಣ ಇಬ್ಬರೂ ಒಂದೇ ಮನೆಯಲ್ಲಿ ಇರುವವರು. ತಮ್ಮನ ಹೆಂಡತಿಯಾದ ಇವಳನ್ನು ಬೀದಿಯೆಲ್ಲ ಚಿಕ್ಕಾಕೆ ಎನ್ನುತ್ತದೆ. ಅಣ್ಣನ ಹೆಂಡತಿ ದೊಡ್ಡಾಕೆ. ಚಿಕ್ಕಾಕೆ ಅದೇ ಕಾರ್ಖಾನೆಯ ಪ್ಯಾಕಿಂಗಿನಲ್ಲಿ ಕೆಲಸ ಮಾಡುವವಳು. ಅವತ್ತು ಗಂಡ ಬಿದ್ದಾಗ ಕೈಯಲ್ಲಿದ್ದ ಟೇಪನ್ನು ಹಾಗೇ ಹಿಡಿದುಕೊಂಡು ಆಂಬುಲೆನ್ಸ್ ಹತ್ತಿದವಳು.

ಬೆಳಗಿನಿಂದ ನಿಂತು ಅವಳ ಸರದಿ ಆಗಷ್ಟೇ ಬಂದಿತ್ತು.

“ಅವನಿಗೆ ವಾಲ್ವ್ ಕೆಟ್ಟಿದೆ ಮೇಡಂ. ಅವನನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ. ಒಂದು ಮಂಚ ಕೊಡಿ.”

ಕೌಂಟರಿನಾಕೆ ತಲೆಯೆತ್ತಲಿಲ್ಲ. “ಅವನು ಅಂದ್ರೆ ಯಾರು, ಮಗನಾ? ಮಕ್ಕಳಿಗೆ ಆಚೆ ಕಿಟಕಿ.”

“ಗಂಡ.”

ಈಗ ಎತ್ತಿದಳು. “ಗಂಡನ್ನ ಅವನು ಇವನು ಅಂತೀಯಾ?”

“ಅವನು ನನ್ನ ಏನೇ ಅಂತಾನೆ, ನಾನು ಏನೋ ಅಂತೀನಿ. ಲೇತ್ ಪಕ್ಕ ಡಬ್ಬಿ ಕಟ್ತಾ ಪರಿಚಯ ಆದೋರು ನಾವು. ಆ ಸದ್ದಲ್ಲಿ ಬಹುವಚನ ಹಾಕಿ ಕೂಗೋಕೆ ಉಸಿರು ಸಾಲ್ತಿರಲಿಲ್ಲ. ಅದೇ ಬಂದುಬಿಡ್ತು.”

ಕ್ಯೂನಲ್ಲಿ ಇದ್ದವರೆಲ್ಲ ನಕ್ಕರು. ಕೌಂಟರಿನಾಕೆಯೂ ನಕ್ಕಳು. ಆ ಕಟ್ಟಡದಲ್ಲಿ ನಗು ಕೇಳಿ ಗೋಡೆಯ ಸುಣ್ಣ ಗಾಬರಿಯಿಂದ ಉದುರಿತು.

ನಾನು ಮಾತ್ರ ನಗಲಿಲ್ಲ. ನನ್ನ ತಲೆಯೊಳಗೆ ಸಿಡಿಲು ಬಡಿದಿತ್ತು.

ಅವರಿಗೆ. ಕೇಳ್ತಾರೆ. ನಮ್ಮನೆಯವರು.

ರೆಕಾರ್ಡಿಂಗಿನ ಹೆಂಗಸು ಗಂಡನನ್ನು ಒಂದು ಸಲವೂ ಏಕವಚನದಲ್ಲಿ ಕರೆದಿರಲಿಲ್ಲ. ಇಂಗ್ಲಿಷಿಗೆ ತಿರುಗಿಸಿದ ಪುಣ್ಯಾತ್ಮನ ಕೈಯಲ್ಲಿ ಅವನು, ಅವರು ಎರಡೂ ಒಂದೇ ಆಗಿಹೋಗಿವೆ. ‘ನಮ್ಮನೆಯವರು’ ಎಂಬ ಮಾತು ‘ನನ್ನ ಗಂಡ’ ಆಗಿದೆ. ಆಗಲಿ, ತಪ್ಪೇನಿಲ್ಲ. ಆದರೆ ಯಾರ ಗಂಡ? ಒಂದೇ ಮನೆ, ಒಂದೇ ಮನೆತನದ ಹೆಸರು, ಹಾಲ್‌ನಲ್ಲಿ ಒಂದೇ ಫೋನು. ‘ನಿಮ್ಮ ಮನೆಯವರಿಗೆ’ ಎಂದು ಕೇಳಿದರೆ, ಯಾವ ಹೆಂಗಸು ಎತ್ತಿದಳೋ ಅವಳ ಮನೆಯವರು.

ನಾನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕೌಂಟರಿನಾಕೆಯ ನಗು ಮುಗಿದಿತ್ತು.

ಕಾರ್ಡ್ ಎಲ್ಲಿ ಎಂದಳು. ಹಿಂದೆ ಇತ್ತು ಎಂದಳು ಚಿಕ್ಕಾಕೆ. ಹಿಂದೆ ಆ ಕಾರ್ಖಾನೆಯವರೆಲ್ಲ ಸರ್ಕಾರದ ವಿಮೆಯಲ್ಲೇ ಇದ್ದರು. ಆಮೇಲೆ ಮಾಲೀಕ ಸಂಬಳವನ್ನು ಸರ್ಕಾರದ ಮಿತಿಗಿಂತ ಒಂದು ಕೂದಲೆಳೆಯಷ್ಟು ಮೇಲಕ್ಕೆ ಎತ್ತಿದ. ಎಲ್ಲರೂ ಆ ವಿಮೆಯಿಂದ ಹೊರಬಿದ್ದರು. ಕೈಗೆ ಕಂಪನಿಯ ಮಿರಮಿರ ಮಿಂಚುವ ಕಾರ್ಡ್ ಬಂತು. ಆ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ತಾನೇ ಎಂದು ಚಿಕ್ಕಾಕೆ ಮೊದಲ ದಿನವೇ ನನಗೆ ಹೇಳಿದ್ದಳು. ಇನ್ನು ಈ ಕ್ಯೂ ನಿಲ್ಲೋದು ತಪ್ಪಿತಲ್ಲ ಅಂತ.

“ನೋಡಮ್ಮ,” ಎಂದಳು ಕೌಂಟರಿನಾಕೆ, “ನಾವು ಕಾಯಿಲೆ ಯಾವಾಗ ಬಂತು ಅಂತ ಕೇಳಲ್ಲ. ನೀನು ಯಾವ ಕಡೆಯವಳು ಅಂತ ಮಾತ್ರ ಕೇಳೋದು. ಖಾಸಗಿ ಪಾಲಿಸಿ ಇರೋರಿಗೆ ಇಲ್ಲಿ ಇಲ್ಲ. ಅದು ರದ್ದಾಗಿದೆ ಅಂತ ಬರೆಸಿಕೊಂಡು ಬಾ, ಮಂಚ ಕೊಡ್ತೀನಿ.”

“ಅವರು ರದ್ದು ಮಾಡಿಲ್ಲ. ಪಾಲಿಸಿ ಇದೆ, ಈ ಕಾಯಿಲೆಗೆ ಮಾತ್ರ ಕೊಡಲ್ಲ ಅಂತಾರೆ.”

“ಅದೇ ಹೇಳ್ತಿರೋದು. ಇದೆಯಲ್ಲ.”

ಕಿಟಕಿಯ ಮರದ ಚೌಕಟ್ಟನ್ನು ಹಿಡಿದಿದ್ದ ಚಿಕ್ಕಾಕೆಯ ಬೆರಳುಗಳನ್ನು ಹಿಂದಿನವನು ಮೆಲ್ಲಗೆ ಬಿಡಿಸಿದ. ಅವನಿಗೂ ಬೆಳಗಿನಿಂದ ನಿಂತು ಸಾಕಾಗಿತ್ತು.

ಹೊರಗೆ ಬಂದ ಮೇಲೆ ಅವಳು ಆಪರೇಷನ್ ಬಗ್ಗೆ ಮಾತಾಡಲೇ ಇಲ್ಲ. “ಅವನೂ ನಂಬ್ತಾ ಇಲ್ಲ ಸರ್. ಬಾಯಲ್ಲಿ ಹೇಳಲ್ಲ. ನೀರು ಕುಡಿಸೋಕೆ ಹೋದ್ರೆ ನರ್ಸ್ ಕರಿ ಅಂತಾನೆ,” ಎಂದಳು.

ನೀನು ಹೋಗಿ ಅವನ ಪಕ್ಕ ಕೂತಿರು, ಸಂಜೆಯೊಳಗೆ ನಾನು ಲೋಕವನ್ನೇ ತಲೆಕೆಳಗು ಮಾಡಿ ಬರುತ್ತೇನೆ ಎಂದೆ. ನಂಬಿ ಹೋದಳು. ಜನ ನನ್ನನ್ನು ನಂಬುತ್ತಾರೆ. ನನ್ನ ಹಣೆಬರಹ ಅದು.

*

ದೊಡ್ಡಾಕೆ ಹಾಲ್‌ನಲ್ಲಿ ನಿಂತು ನೀಲಿ ಯೂನಿಫಾರಮ್ಮುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅಣ್ಣತಮ್ಮಂದಿರದು ಎರಡೂ ಒಂದೇ ರಾಶಿಯಲ್ಲಿ. ಕಾಲರಿನ ಒಳಗೆ ಕೆಂಪು ದಾರದ ಹೊಲಿಗೆ ಇದ್ದರೆ ಅಣ್ಣನದು, ಬಿಳಿ ಇದ್ದರೆ ತಮ್ಮನದು. ತಮ್ಮನ ಅಂಗಿಗೂ ಅಷ್ಟೇ ಶ್ರದ್ಧೆಯಿಂದ ಮಡಿಕೆ ಕೂರಿಸುತ್ತಿದ್ದಳು, ನಾಳೆ ಅವನು ಡ್ಯೂಟಿಗೆ ಹೋಗುವವನ ಹಾಗೆ.

ನನ್ನ ಅನುಮಾನದ ಸಾಲಿನಲ್ಲಿ ಮೊದಲು ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿನವನಿದ್ದ, ಆಮೇಲೆ ಪಾಲಿಸಿ ಮಾರಿದ ನಗುಮುಖದ ಏಜೆಂಟ್ ಇದ್ದ. ಈಕೆ ಇರಲೇ ಇಲ್ಲ. ಈ ಕೇಸಿಗೆ ಮೊದಲ ದಿನ ಬಂದಾಗ ನನ್ನ ತಟ್ಟೆಗೆ ಎರಡು ಸಲ ಬಡಿಸಿದವಳನ್ನು ಅನುಮಾನಿಸುವುದು ಹೇಗೆ?

ಪತ್ತೇದಾರರು ಇಂಥ ಹೊತ್ತಲ್ಲಿ ಮೀಸೆ ತಿರುವಿ ಗುಡುಗುತ್ತಾರೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಸುಮ್ಮನೆ ಕೇಳಿದೆ:

“ಮಾತ್ರೆ ಎತ್ತಿಟ್ಟಿದ್ರಾ ಅಂಗಡಿಯವರು?”

“ಹೂಂ, ಎತ್ತಿ—” ಎಂದವಳು ನಿಂತಳು. ಇಸ್ತ್ರಿಪೆಟ್ಟಿಗೆಯೂ ನಿಂತಿತು. “ಯಾವ ಮಾತ್ರೆ?”

“ನಿಮ್ಮ ಮನೆಯವರದು.”

ಅಂಗಿ ಸುಟ್ಟ ವಾಸನೆ ಬಂದ ಮೇಲೇ ಅವಳು ಪೆಟ್ಟಿಗೆ ಎತ್ತಿದ್ದು. ಬೆನ್ನ ಮೇಲೆ ಕಂದು ತ್ರಿಕೋನ. ಅದನ್ನು ಅಂಗೈಯಿಂದ ಒರೆಸಿದಳು, ಒರೆಸಿದರೆ ಹೋಗುವುದೇನೋ ಎಂಬಂತೆ.

ಫೋನಿನ ಮಾತನ್ನು ನಾನು ಒಂದಕ್ಷರ ಬಿಡದೆ ಒಪ್ಪಿಸಿದೆ. ನೆನಪಿನ ಶಕ್ತಿಯಲ್ಲಿ ನನ್ನ ಮುಂದೆ ಅವರ ಕಂಪ್ಯೂಟರು ಕೂಸು. ಅವಳು ಕೇಳುತ್ತ ಕೇಳುತ್ತ ಗೋಡೆಗೆ ಒರಗಿ ಕೆಳಗೆ ಕೂತಳು.

“ಅದು ಕಂಪನಿಯವರಾ?” ಎಂದಳು ಕೊನೆಗೆ. “ಮೆಡಿಕಲ್ ಶಾಪಿನ ಹುಡುಗಿ ಅಂದ್ಕೊಂಡಿದ್ದೆ.”

ಆಮೇಲೆ ಎಲ್ಲ ಒಂದೊಂದಾಗಿ ಬಂತು. ಅವಳ ಗಂಡ ಕ್ರೇನಣ್ಣ, ಅದೇ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವನು, ಎಷ್ಟೋ ವರ್ಷದಿಂದ ಎದೆಯಲ್ಲಿ ತೊಂದರೆ ಇಟ್ಟುಕೊಂಡಿದ್ದಾನೆ. ಮನೆಯಲ್ಲಿ ಇವಳನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಊರಿನ ಆಚೆ ಬದಿಯ ಅಂಗಡಿಯಿಂದ ಮಾತ್ರೆ. ಡಬ್ಬಿಯ ಮೇಲಿನ ಚೀಟಿ ಕಿತ್ತು, ಗುಂಡಿ ದಾರ ಇಡುವ ಡಬ್ಬಿಯಲ್ಲಿ ಇಡುತ್ತಾಳೆ. ಆ ದಿನ ಫೋನ್ ಬಂದಾಗ ಮೈದುನ ಬಿದ್ದ ಸುದ್ದಿ ಮನೆಗಿನ್ನೂ ಬಂದಿರಲಿಲ್ಲ. ಯಾರೋ ಹುಡುಗಿ, ಎದೆ ವಿಚಾರ, ನಿಮ್ಮ ಮನೆಯವರಿಗೆ ಯಾವಾಗಿಂದ ಎಂದಳು. ಇವಳು ಹೇಳಿದಳು.

ಕ್ಷಮಿಸಿ ಸಾಹೇಬರ ಹೆಮ್ಮೆಯ ಮುಖ ಕಣ್ಣಮುಂದೆ ಬಂತು. ಅವರ ಫೋನು ಅಪಾಯದ ಸುದ್ದಿಗಿಂತ ಮೊದಲು ಮನೆ ಮುಟ್ಟಿತ್ತು.

“ತಾಯೀ, ಹಾಗಾದ್ರೆ ಕೇಸು ಮುಗೀತು,” ಎಂದೆ. “ನೀವು ಬಂದು ಸಾಹೇಬರ ಮುಂದೆ ಇದೇ ಮಾತು ಹೇಳಿ. ನಾನು ಹೇಳಿದ್ದು ಮೈದುನನ ವಿಚಾರ ಅಲ್ಲ ಅನ್ನಿ. ಸಂಜೆಯೊಳಗೆ ಒಪ್ಪಿಗೆ ಬರುತ್ತೆ.”

“ಯಾರ ವಿಚಾರ ಅಂತ ಕೇಳ್ತಾರಲ್ಲ.”

ಅವಳು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ಹೇಳಿದ್ರೆ ನಾಳೆನೇ ಇವರನ್ನ ಕ್ರೇನಿಂದ ಇಳಿಸ್ತಾರೆ. ಎದೆ ಸರಿ ಇಲ್ಲದೋನ ಕೈಗೆ ಜನರ ತಲೆ ಮೇಲೆ ಕಬ್ಬಿಣ ತೂಗಿಸ್ತಾರಾ? ಕೆಲಸ ಹೋದ್ರೆ ಕಾರ್ಡೂ ಹೋಯ್ತು. ಕಾರ್ಡ್ ಬಂದು ಇಂತಿಷ್ಟು ವರ್ಷ ಆದ್ರೆ ಹಳೇ ಕಾಯಿಲೆಗೂ ಕೊಡ್ತಾರಂತೆ, ಅಲ್ಲೀವರೆಗೆ ಬಾಯಿ ಮುಚ್ಕೊಂಡು ಇರ್ಬೇಕು. ಇನ್ನೇನು, ಈ ಚಳಿಗಾಲ ಕಳೆದ್ರೆ ಸಾಕಾಗಿತ್ತು. ಆಮೇಲೆ ಇವರಿಗೂ ಆಪರೇಷನ್ ಮಾಡಿಸೋಣ ಅಂತ...” ಅವಳು ಸುಟ್ಟ ಅಂಗಿಯನ್ನು ತೊಡೆಯ ಮೇಲೆ ಎಳೆದುಕೊಂಡು ಕಾಲರು ಮಡಚಿ ನೋಡಿದಳು. ಕೆಂಪು ದಾರ. “ದಿನಾ ಆ ಏಣಿ ಹತ್ತುವಾಗ ನಡುವೆ ನಿಂತು ಕೆಳಗಿನವರ ಹತ್ರ ಏನಾದ್ರೂ ತಮಾಷೆ ಮಾಡ್ತಾರಂತೆ. ಎಲ್ಲರೂ ನಗ್ತಾರೆ. ಉಸಿರು ತಗೊಳೋಕೆ ಅಂತ ಯಾರಿಗೂ ಗೊತ್ತಿಲ್ಲ.”

“ಆದ್ರೆ ಅಲ್ಲಿ ನಿಮ್ಮ ಮೈದುನ...”

“ಅವನಿಗೆ ಮೂಗು ಒರೆಸಿ ಬೆಳೆಸಿದ್ದು ನಾನು. ಮದುವೆಯಾಗಿ ಬಂದಾಗ ಇಷ್ಟುದ್ದ ಇದ್ದ.” ಕೈಯನ್ನು ಸೊಂಟದ ಮಟ್ಟಕ್ಕೆ ಹಿಡಿದು ತೋರಿಸಿ, ಅಲ್ಲೇ ಸ್ವಲ್ಪ ಹೊತ್ತು ಬಿಟ್ಟಳು. “ನೀವು ದೊಡ್ಡ ಬುದ್ಧಿವಂತರಂತೆ. ನೀವೇ ಹೇಳಿ. ಯಾರನ್ನ ಉಳಿಸ್ಲಿ?”

ನನ್ನ ಬತ್ತಳಿಕೆಯಲ್ಲಿ ಉತ್ತರಗಳಿಗೆ ಬರವಿಲ್ಲ. ಮಂತ್ರಿಗಳೂ ದರೋಡೆಕೋರರೂ ಅವರ ವಕೀಲರೂ ಸಾಲಾಗಿ ನಿಂತು ಸಲಹೆ ಕೇಳಿ ಹೋಗಿದ್ದಾರೆ. ಆ ಮಧ್ಯಾಹ್ನ ಆ ಹಾಲ್‌ನಲ್ಲಿ ನನಗೆ ಸಿಕ್ಕಿದ್ದು ಒಂದು ಕೆಮ್ಮು.

ಅವಳೇ ಎದ್ದಳು. ಇಸ್ತ್ರಿಯ ಸ್ವಿಚ್ಚು ಆರಿಸಿದಳು. ಅಂಗಿಗಳನ್ನು ಕಪಾಟಿಗೆ ಸೇರಿಸಿದಳು, ಸುಟ್ಟದ್ದನ್ನು ಎಲ್ಲಕ್ಕಿಂತ ಕೆಳಗೆ.

“ಬರ್ತೀನಿ. ಆದ್ರೆ ಅವರಿಗೆ ಒಂದು ಮಾತು ತಿಳಿಸದೆ ಹೇಳಲ್ಲ.”

ಹಾಲ್‌ನ ಫೋನಿನಿಂದ ಕಾರ್ಖಾನೆಯ ಟೈಮ್ ಆಫೀಸಿಗೆ ಹಚ್ಚಿದಳು. ಕ್ರೇನಿನವರನ್ನು ಸ್ವಲ್ಪ ಕರೀರಿ ಎಂದಳು. ಆ ಕಡೆಯವನು ಹೇಳಿದ್ದು ನನಗೂ ಕೇಳಿಸಿತು. ಕ್ರೇನಣ್ಣ ಇವತ್ತು ಕೆಲಸಕ್ಕೆ ಬಂದೇ ಇಲ್ಲ.

ಬೆಳಗ್ಗೆ ಯೂನಿಫಾರಂ ಹಾಕಿಕೊಂಡು, ಬುತ್ತಿ ಹಿಡಿದುಕೊಂಡು, ಎಂದಿನ ಹೊತ್ತಿಗೇ ಮನೆಯಿಂದ ಹೊರಟಿದ್ದನಂತೆ. ಮೊಬೈಲಿಗೆ ಮಾಡಿದರೆ ಸ್ವಿಚ್ ಆಫ್.

*

ಆಸ್ಪತ್ರೆ ತಲುಪಿದಾಗ ಕಾರಿಡಾರಿನ ದೀಪಗಳನ್ನು ಆಗಷ್ಟೇ ಹಾಕುತ್ತಿದ್ದರು. ಮಿಲಿಮೀಟರ್‌ನ ಮಂಚದಲ್ಲಿ ಮಿಲಿಮೀಟರ್ ಇರಲಿಲ್ಲ. ಹೊಸ ಚಾದರ ಬಿಗಿಯಾಗಿ ಹಾಸಿತ್ತು.

ದೊಡ್ಡಾಕೆ ಬಗ್ಗಿ ಮಂಚದ ಕೆಳಗೆ ಅವನ ಚಪ್ಪಲಿ ಹುಡುಕಿದಳು.

ನರ್ಸನ್ನು ಕೇಳಿದೆ. ಅವರು ಮಧ್ಯಾಹ್ನವೇ ಡಿಸ್ಚಾರ್ಜ್ ಆದರು, ಅಣ್ಣ ಬಂದು ಸಹಿ ಹಾಕಿ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋದರು ಎಂದಳು. ಎಲ್ಲಿಗೆ? ಮನೆಗಿರಬೇಕು ಎಂದಳು.

ಮನೆಗೆ ಬಂದಿರಲಿಲ್ಲ. ಅಷ್ಟು ಹೊತ್ತೂ ನಾವು ಅಲ್ಲೇ ಇದ್ದೆವು.

ಆಗ ಕಾರಿಡಾರಿನ ಕೊನೆಯಲ್ಲಿ, ತುರ್ತು ವಾರ್ಡಿನ ಬಾಗಿಲಲ್ಲಿ, ಚಿಕ್ಕಾಕೆ ಕಂಡಳು. ಕೂಗಲಿಲ್ಲ. ಬೆರಳಾಡಿಸಿ ಕರೆದಳು, ಕಳ್ಳಮಾಲು ತೋರಿಸುವವಳ ಹಾಗೆ.

ಪರದೆಯ ಹಿಂದೆ ಮಿಲಿಮೀಟರ್ ಮಲಗಿದ್ದ. ಮೂಗಿಗೆ ಆಮ್ಲಜನಕದ ನಳಿಗೆ. ನಿನ್ನೆಗಿಂತ ಇವತ್ತಿಗೆ ಅರ್ಧ ಆಗಿದ್ದ. ನನ್ನನ್ನು ನೋಡಿ ಮುಂಗೈ ಎತ್ತಿದ. ಆಸ್ಪತ್ರೆಯವರು ಕಟ್ಟಿದ ಹೊಸ ಪಟ್ಟಿ. ಅದರ ಮೇಲೆ ಅಚ್ಚಾಗಿದ್ದದ್ದು ಅವನ ಹೆಸರಲ್ಲ. ಅಣ್ಣನದು.

“ಇವತ್ತಿಂದ ನಾನು ಕ್ರೇನ್ ಡ್ರೈವರು ಸರ್,” ಎಂದ, ಒಂದೊಂದು ಪದಕ್ಕೆ ಒಂದೊಂದು ಉಸಿರು. “ಏನತ್ತಿಗೆ, ಹೇಗಿದೀರಿ ಅಂತ ಕೇಳೋ ಹಾಗೂ ಇಲ್ಲ. ನೀವೀಗ ನನ್ನ ಹೆಂಡ್ತಿ ಲೆಕ್ಕ.”

ಯಾರೂ ನಗಲಿಲ್ಲ.

ಚಿಕ್ಕಾಕೆ ಪಿಸುದನಿಯಲ್ಲಿ ಹೇಳಿದಳು. ಭಾವ ಬೆಳಗ್ಗೆಯಿಂದ ಆಸ್ಪತ್ರೆಯ ಎದುರಿನ ಬಸ್ ಸ್ಟಾಪಿನಲ್ಲೇ ಕೂತಿದ್ದನಂತೆ. ನರ್ಸುಗಳ ಪಾಳಿ ಬದಲಾಗುವುದನ್ನು ಕಾದಿದ್ದ. ತಮ್ಮನನ್ನು ಮುಂದಿನ ಬಾಗಿಲಲ್ಲಿ ಬಿಡಿಸಿ, ಕಟ್ಟಡವನ್ನು ಸುತ್ತಿಸಿ, ಹಿಂದಿನ ತುರ್ತು ಬಾಗಿಲಲ್ಲಿ ತನ್ನ ಕಾರ್ಡು ಕೊಟ್ಟು ತನ್ನ ಹೆಸರಲ್ಲಿ ಸೇರಿಸಿದ. ಇಬ್ಬರದೂ ಒಂದೇ ಮೂಗು, ಒಂದೇ ಹಣೆ. ಕಾರ್ಡಿನ ಫೋಟೋದಲ್ಲಿ ಯಾರು ಅಷ್ಟು ನೋಡುತ್ತಾರೆ? ಕಾಗದ ಕಂಪನಿಗೆ ಹೋಗಿದೆ. ಒಪ್ಪಿಗೆ ಬಂದರೆ ಬೆಳಗ್ಗೆ ಮೊದಲ ಆಪರೇಷನ್ ಇವನದೇ.

“ಅವರೆಲ್ಲಿ?” ಎಂದಳು ದೊಡ್ಡಾಕೆ.

“ಗೊತ್ತಿಲ್ಲ ಅಕ್ಕ. ಆಸ್ಪತ್ರೇಲಿ ಮಲಗಿರೋನು ಬೀದೀಲಿ ಓಡಾಡಿದ್ರೆ ಸಿಕ್ಕಿಬೀಳ್ತೀವಿ, ಇವನ ಹೊಲಿಗೆ ಬಿಚ್ಚೋವರೆಗೂ ಕಣ್ಣಿಗೆ ಬೀಳಲ್ಲ ಅಂದ್ರು. ಎಲ್ಲಿಗೆ ಅಂತ ಕೇಳ್ಬೇಡಿ, ಕೇಳಿದ್ರೆ ಹೇಳಿಬಿಡ್ತೀನಿ ಅಂದ್ರು. ಹೋಗ್ಬಿಟ್ರು.” ನಂತರ, ಏನೂ ತಿಳಿಯದ ಮುಗ್ಧತೆಯಲ್ಲಿ, ಓರಗಿತ್ತಿಯ ಕೈ ಹಿಡಿದು ಹೇಳಿದಳು, “ನಾನು ಕಲ್ಲುಗುಂಡಿನ ಹಾಗಿದೀನಿ, ನನ್ನ ಕಾರ್ಡ್ ಹೆಂಗೂ ಖರ್ಚಾಗಲ್ಲ ಅಂದ್ರು ಭಾವ. ಹೌದಲ್ವಾ ಅಕ್ಕ?”

ದೊಡ್ಡಾಕೆ ಆ ಕೈಯನ್ನು ಬಿಡಿಸಿಕೊಳ್ಳಲೂ ಇಲ್ಲ, ಹಿಡಿದುಕೊಳ್ಳಲೂ ಇಲ್ಲ.

ನಾನು ಕಿಟಕಿಯ ಕಡೆ ತಿರುಗಿದೆ. ಈ ಭೂಮಿಯ ಮೇಲೆ ನಾನು ಬಿಡಿಸದ ಗಂಟಿಲ್ಲ. ಇದನ್ನೂ ಬಿಡಿಸಿದ್ದೆ, ಮಧ್ಯಾಹ್ನಕ್ಕೇ ಬಿಡಿಸಿದ್ದೆ. ಆಗ ದೊಡ್ಡಾಕೆ ನಿಜ ಹೇಳಿದ್ದರೆ ತಮ್ಮ ಉಳಿಯುತ್ತಿದ್ದ, ಅಣ್ಣ ಮುಳುಗುತ್ತಿದ್ದ. ಈಗ ಅದೇ ನಿಜ ಹೇಳಿದರೆ ಅಣ್ಣನದು ಹಳೇ ಕಾಯಿಲೆ ಅಂತ ಈ ಕಾರ್ಡೂ ಸತ್ತಿತು. ಈ ಮಂಚದಲ್ಲಿ ಮಲಗಿರುವವನು ಅಣ್ಣನೇ ಅಲ್ಲ ಅಂತ ಗೊತ್ತಾದರೆ ಇಬ್ಬರೂ ಮೋಸಗಾರರು. ಪೊಲೀಸು ಬೇರೆ. ಸುಮ್ಮನಿದ್ದರೆ? ಬೆಳಗ್ಗೆ ತಮ್ಮನಿಗೆ ವಾಲ್ವ್ ಸಿಗಬಹುದು. ಆದರೆ ಆಮೇಲೆ ಅಣ್ಣನ ಎದೆಗೆ ಆಪರೇಷನ್ ಬೇಕೆಂದರೆ, ಅದು ಆಗಲೇ ಆಗಿದೆಯಲ್ಲ ಅನ್ನುತ್ತಾರೆ. ಎದೆ ಕೆಟ್ಟ ಆ ಮನುಷ್ಯ ಇವತ್ತು ರಾತ್ರಿ ಎಲ್ಲಿ ಮಲಗುತ್ತಾನೋ ಅದೂ ಗೊತ್ತಿಲ್ಲ.

ನನ್ನ ಜೇಬಿನಲ್ಲಿ ಮೊಬೈಲು ಗುನುಗಿತು.

“ಕ್ಷಮಿಸಿ, ಹೊತ್ತಲ್ಲದ ಹೊತ್ತಲ್ಲಿ ಮಾಡ್ತಿದೀನಿ,” ಎಂದರು ಸಾಹೇಬರು. “ಆ ಮನೆಯಿಂದ ಇನ್ನೊಂದು ಕ್ಲೇಮ್ ಬಂದಿದೆ. ಅಣ್ಣ. ಅದೇ ಆಸ್ಪತ್ರೆ, ಅದೇ ಕಾಯಿಲೆ. ಪಾಪ, ಒಂದೇ ಮನೆಗೆ ಎರಡು ಪೆಟ್ಟು.”

ಪಾಪ ಎಂದೆ ನಾನೂ.

“ನನಗೆ ಒಪ್ಪಿಗೆ ಕೊಡೋ ಮನಸ್ಸಿದೆ. ತಮ್ಮನಿಗೆ ಇಲ್ಲ ಅಂದ ಮೇಲೆ ಊಟ ಸೇರ್ತಾ ಇಲ್ಲ, ನಿಜವಾಗಿ. ಆದ್ರೆ ನೀವು ಹೋದ ಮೇಲೆ ಆ ರೆಕಾರ್ಡಿಂಗ್ ನಾನೂ ಕೇಳ್ತಾ ಕೂತೆ. ಆ ಮಾತ್ರೆ ವಿಚಾರ ತಲೆಯಿಂದ ಹೋಗ್ತಾ ಇಲ್ಲ. ನೀವು ಅಷ್ಟು ಸಲ ಕೇಳಿದ್ರಲ್ಲ, ಅದು ಯಾರ ದನಿ ಅಂತ ಗೊತ್ತಾಯ್ತಾ?”

ಸಾಹೇಬರ ಮಾತು ಮೊಬೈಲಿನಿಂದ ಆಚೆಗೂ ಕೇಳುತ್ತಿತ್ತು; ಪರದೆಯ ಹಿಂದೆ ಮೂವರೂ ನನ್ನನ್ನೇ ನೋಡುತ್ತಿದ್ದರು. ಚಿಕ್ಕಾಕೆಯ ಮುಖದಲ್ಲಿ, ಈಗಲಾದರೂ ಆ ದನಿ ತನ್ನದಲ್ಲ ಎಂದು ನಾನು ಹೇಳುವೆನೆಂಬ ಆಸೆ. ದೊಡ್ಡಾಕೆ ಕಣ್ಣು ಮುಚ್ಚಿದ್ದಳು. ಮಿಲಿಮೀಟರ್ ಹೆಂಡತಿಯನ್ನು ನೋಡಿ, ಅತ್ತಿಗೆಯನ್ನು ನೋಡಿ, ಏನನ್ನೋ ಅಳೆಯುತ್ತಿದ್ದ.

ನಾನು ಜೀವಮಾನದಲ್ಲಿ ಆಡಿದ ಸುಳ್ಳುಗಳನ್ನು ಪೇರಿಸಿದರೆ ಚಂದ್ರನಿಗೆ ಏಣಿಯಾದೀತು. ಆದರೆ ಆ ಗಳಿಗೆಯಲ್ಲಿ ಸುಳ್ಳೂ ಅಲ್ಲದ, ನಿಜವೂ ಅಲ್ಲದ ಒಂದು ಮಾತು ಬೇಕಿತ್ತು. ಹುಡುಕಿದೆ. ಸಿಕ್ಕಿತು. ನನ್ನಂಥವನಿಗೆ ಮಾತ್ರ ಸಿಗುವಂಥದು.

“ಹೆಂಡತಿಯದೇ ಸರ್,” ಎಂದೆ.

ಆ ಕಡೆ ಏರ್ ಕಂಡೀಷನರ್ ಮೊರೆಯುತ್ತಿತ್ತು. ಸಾಹೇಬರು ಒಂದು ಸಲ ಉಸಿರೆಳೆದುಕೊಂಡರು.

“ಯಾರ ಹೆಂಡತಿ?”